ಉದ್ದಪ್ಪನಿಗೆ ಮೂಡದ ಗೆರೆ

ಯಮಕನಮರಡಿಯಲ್ಲಿ ಲಾರಿ ಡ್ರೈವರುಗಳಿಗೇನೂ ಬರವಿಲ್ಲ. ಹೈವೇ ಮಗ್ಗುಲಿನ ಊರು. ಬೀದಿಯಲ್ಲಿ ನಿಂತು ‘ಡ್ರೈವರ್’ ಎಂದು ಕೂಗಿದರೆ ಮನೆಗೊಬ್ಬರು ಹೊರಗೆ ಬರುತ್ತಾರೆ. ಆದರೆ ‘ಕುಡಿಯದ ಡ್ರೈವರ್’ ಎಂದು ಕೂಗಿದರೆ ಬರುವವನು ಒಬ್ಬನೇ. ಅವನೇ ನಮ್ಮ ಉದ್ದಪ್ಪ.

ಉದ್ದಪ್ಪ ಕುಡಿಯುತ್ತಿರಲಿಲ್ಲ ಎಂದರೆ ಅರ್ಧ ಮಾತು ಹೇಳಿದಂತಾಯಿತು. ಕುಡಿದವರು ಮಾಡುವುದಕ್ಕಿಂತ ಹೆಚ್ಚಿನ ಗದ್ದಲವನ್ನು ಅವನು ಕುಡಿಯದೆಯೇ ಮಾಡುತ್ತಿದ್ದ. ಪ್ರಾಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಪಂಚಶೀಲ ಒಪ್ಪಿಕೊಂಡ ಮನುಷ್ಯ. ಐದರಲ್ಲಿ ಐದನೆಯ ಶೀಲ, ಅಂದರೆ ಅಮಲು ಬರುವ ಯಾವ ಪದಾರ್ಥವನ್ನೂ ಮುಟ್ಟುವುದಿಲ್ಲ ಎನ್ನುವುದು, ಅವನಿಗೆ ಬಲು ಪ್ರೀತಿ. ಉಳಿದ ನಾಲ್ಕರ ವಿಷಯ ಅವನು ಅಷ್ಟಾಗಿ ಎತ್ತುತ್ತಿರಲಿಲ್ಲ. ಯಾಕೆಂದರೆ ಧಾಬಾದ ಕೋಳಿ ಸಾರು ರುಚಿಯಾಗಿರುತ್ತಿತ್ತು, ಮತ್ತು ಚೆಕ್‌ಪೋಸ್ಟಿನಲ್ಲಿ ಒಂದೆರಡು ಸುಳ್ಳು ಹೇಳದೆ ಯಾವ ಲಾರಿಯೂ ಮುಂದಕ್ಕೆ ಹೋಗುವುದಿಲ್ಲ. ಐದನೆಯದರಲ್ಲಿ ಮಾತ್ರ ಅವನು ಚೊಕ್ಕ ಬಂಗಾರ. ದಾರಿಯಲ್ಲಿ ವೈನ್ ಶಾಪ್ ಕಂಡರೆ ಹಾರ್ನ್ ಹೊಡೆದು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಳಗೆ ಕೂತವರಿಗೆಲ್ಲ ಬುದ್ಧಿ ಹೇಳಿಯೇ ಮುಂದೆ ಹೋಗುತ್ತಿದ್ದ.

ಇಂಥವನನ್ನೂ ಹೆಂಡತಿ ಇಂದ್ರವ್ವ ಬಿಟ್ಟಿರಲಿಲ್ಲ. ಆ ಓಣಿಯ ಪದ್ಧತಿಯೇ ಹಾಗೆ. ಟ್ರಿಪ್ ಮುಗಿಸಿ ಬಂದ ಗಂಡ ಹೊಸ್ತಿಲ ಆಚೆ ನಿಲ್ಲಬೇಕು. ಹೆಂಡತಿ ಬಂದು ಬಾಯಿ ಮೂಸಿ ನೋಡಬೇಕು. ಆಮೇಲೆ ಒಳಗೆ ಪ್ರವೇಶ. ದಿನಾ ಕುಡಿಯುವ ಡ್ರೈವರ್ ಭೀಮಶಿಯ ಮನೆಯ ಪರೀಕ್ಷೆಯ ಫಲಿತಾಂಶ ಹೈವೇವರೆಗೆ ಕೇಳಿಸುತ್ತಿತ್ತು. ಉದ್ದಪ್ಪನ ಮನೆಯಲ್ಲಿ ಮಾತ್ರ ಎಲ್ಲ ಶಾಂತವಾಗಿ ನಡೆಯುತ್ತಿತ್ತು.

“ಬಾಯಿ ತಗೀರಿ.”

“ಇಷ್ಟು ವರ್ಷ ಆತು, ಇನ್ನೂ ನಂಬಿಕಿ ಇಲ್ಲೇನ ನಿನಗ?”

“ಸುಮ್ನ ಹಾ ಅನ್ರಿ.”

ಅವನು ಹಾ ಎನ್ನುವನು. ಆಕೆ ಹಿಮ್ಮಡಿ ಎತ್ತಿ, ಮುಖದ ಹತ್ತಿರ ಮುಖ ತಂದು, ಮೂಗು ಅರಳಿಸಿ, “ಹ್ಞೂ, ಬರ್ರಿ ಒಳಗ” ಎನ್ನುವಳು. ಎದುರು ಮನೆಯ ಶೆಟ್ಟೆವ್ವ ಕಟ್ಟೆಯ ಮೇಲೆ ಕೂತು, “ಇಂದ್ರವ್ವಾ, ಏನ್ ಬಂತ?” ಎಂದು ಕೇಳುವಳು. “ಏನ್ ಬರತೈತೆವ್ವಾ, ಡೀಸೆಲ್” ಎಂದು ಈಕೆ ಹೇಳುವಳು. ಉದ್ದಪ್ಪ ಎದೆ ಸೆಟೆಸಿಕೊಂಡು ಒಳಗೆ ಹೋಗುವನು.

ಈ ಸಲ ಅವನು ಮೂಡಲಗಿಯ ಬೆಲ್ಲ ತುಂಬಿಕೊಂಡು ಮಧ್ಯಪ್ರದೇಶದ ನೀಮಚ್‌ವರೆಗೆ ಹೋಗಿ, ಬರುವಾಗ ಬೆಳ್ಳುಳ್ಳಿ ತುಂಬಿಕೊಂಡು ಬಂದಿದ್ದ. ಲಾರಿಯವರಿಗೆ ಒಂದು ಚಟ ಇರುತ್ತದೆ. ಯಾವ ಸೀಮೆಗೆ ಹೋದರೂ ಅಲ್ಲಿ ಬೆಳೆಯುವುದನ್ನು ಮನೆಗೆ ತರದೆ ಇರಲಾರರು. ನೀಮಚ್ ಕಡೆಯ ರೈತನೊಬ್ಬ ತನ್ನ ಹೊಲದ್ದೇ ಗಸಗಸೆಯ ಒಂದು ಚೀಲವನ್ನು ಕೊಟ್ಟಿದ್ದ. ಮನೆಗೆ ಬಂದು ನೋಡಿದರೆ ಮಗಳು ಸಂಘಮಿತ್ರಾ ಹೆತ್ತು ತೊಟ್ಟಿಲ ಪಕ್ಕ ಮಲಗಿದ್ದಾಳೆ, ಉದ್ದಪ್ಪ ಅಜ್ಜನಾಗಿದ್ದಾನೆ, ಇಂದ್ರವ್ವ ಕರದಂಟಿಗೆ ಬೆಲ್ಲದ ಪಾಕ ಇಟ್ಟಿದ್ದಾಳೆ.

ಇಂದ್ರವ್ವ ಗೋಕಾಕದ ಮಗಳು. ಅಂಗಡಿಯವರು ಬಣ್ಣದ ಡಬ್ಬಿಯಲ್ಲಿ ಹಾಕಿ ಮಾರುವ ಕರದಂಟಿಗೆ ಆಕೆ ಮೂಗು ಮುರಿಯುತ್ತಿದ್ದಳು. ಆಕೆಯದು ಅಂಟು ಹುರಿದು, ಕೊಬ್ಬರಿ ತುರಿದು, ಉತ್ತತ್ತಿ ಕುಟ್ಟಿ ಮಾಡುವ ಕರದಂಟು. ಈ ಸಲ ಗಂಡ ತಂದ ಗಸಗಸೆಯ ಚೀಲ ನೋಡಿ ಕೈ ಸಡಿಲ ಬಿಟ್ಟಳು. ಬಾಣಂತಿಗೆ ಗಸಗಸೆ ಹಲ್ಲಿನ ಸಂದಿಗೆ ಸಿಕ್ಕು ಆಗಿಬರುತ್ತಿರಲಿಲ್ಲ. ಅವಳ ಪಾಲಿನದನ್ನು ಗಸಗಸೆ ಹಾಕದೆ ಬೇರೆ ತೆಗೆದಿಟ್ಟಳು. ಬಂದುಹೋಗುವವರಿಗೆಂದು ಮಾಡಿದ್ದರಲ್ಲಿ ಕೊಬ್ಬರಿಗಿಂತ ಗಸಗಸೆಯೇ ಹೆಚ್ಚಾಯಿತು. ಬಂದುಹೋಗುವವರು ತಿಂದದ್ದು ಸ್ವಲ್ಪ. ಮನೆಯಲ್ಲೇ ಇದ್ದವನು ತಿಂದದ್ದು ಬಹಳ.

ಇಷ್ಟರಲ್ಲಿ ಟ್ರಾನ್ಸ್‌ಪೋರ್ಟಿನ ಮಾಲಕ ಕೆಂಚಪ್ಪ ಡ್ರೈವರುಗಳನ್ನೆಲ್ಲ ಗಾಡಿ ನಿಲ್ಲಿಸುವ ಬಯಲಿಗೆ ಕರೆಸಿದ. ಅಲ್ಲಿ ಹೊಸದೊಂದು ಲಾರಿ ನಿಂತಿತ್ತು. ಹದಿನಾಲ್ಕು ಗಾಲಿ, ಕ್ಯಾಬಿನ್ನಿಗೆ ಏಸಿ, ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಡ್ರೈವರುಗಳು ಅದರ ಸುತ್ತ ಧ್ವನಿ ತಗ್ಗಿಸಿ ಓಡಾಡುತ್ತಿದ್ದರು.

“ಕೇಳ್ರಿಲ್ಲಿ,” ಎಂದ ಕೆಂಚಪ್ಪ. “ನಮಗ ಲೋಡ್ ಕೊಡೂ ದೊಡ್ಡ ಕಂಪನಿಯವರು ಹೊಸಾ ಕಾಯ್ದೆ ಮಾಡ್ಯಾರ. ಇನ್ನ ಮುಂದ ಪ್ರತಿಯೊಬ್ಬ ಡ್ರೈವರಂದೂ ತಪಾಸಣಿ. ಮಷೀನಿಗೆ ಊದಬೇಕು. ಕಪ್ಪಿನಾಗ ಉಚ್ಚಿ ಕೊಡಬೇಕು. ದಾರೂ, ಗಾಂಜಾ, ಅಫೀಮು, ಏನ ತಗೊಂಡಿದ್ರೂ ತೋರಸತೈತಿ. ಎಲ್ಲಾದರಾಗೂ ಸ್ವಚ್ಛ ಇದ್ದಾವಗ ಈ ಗಾಡಿ ಕೀಲಿ. ನಪಾಸ್ ಆದಾವ ಸ್ಟೇರಿಂಗ್ ಮುಟ್ಟಂಗಿಲ್ಲ. ನಮ್ಮ ಕಡೆ ಅಷ್ಟ ಅಲ್ಲ, ಈ ರಸ್ತಾದಾಗ ಯಾರ ಕಡೆನೂ.”

ಆ ವಾರ ಡ್ರೈವರುಗಳ ಮನೆಗಳಲ್ಲಿ ಆದ ಬದಲಾವಣೆ ನೋಡುವಂತಿತ್ತು. ಕೆಲವರಿಗೆ ಒಮ್ಮೆಲೇ ಜ್ವರ ಬಂತು. ಕೆಲವರು ಇನ್ನೂ ಕನ್ಯೆ ಗೊತ್ತಾಗದ ಮದುವೆಗಳಿಗೆ ಪರಊರಿಗೆ ಹೋದರು. ಭೀಮಶಿ ಬಾಟಲಿಯನ್ನು ಹೊಲದಲ್ಲಿ ಹೂಳಿ ಬಂದು, ಮನೆಯೊಳಗೆ ಕೂತು ನಡುಗತೊಡಗಿದ.

ಉದ್ದಪ್ಪನೊಬ್ಬ ಮಾತ್ರ ಮದುವೆ ಮನೆಯ ಯಜಮಾನನಂತೆ ಓಡಾಡಿದ. ಸ್ಟೇರಿಂಗ್ ಬಿಟ್ಟರೆ ಅವನ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮನೆಯಲ್ಲಿ ಜೋಕಾಲಿ ಮೇಲೆ ಕೂತರೂ ಅವನ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಆ ಹೊಸ ಲಾರಿ ತನಗಾಗಿಯೇ ಹುಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. “ಮಾಲಕ್ರ, ಮೊದಲ ನಂದ ಆಗ್ಲಿ. ಎಲ್ಲಾರ ಮುಂದ ಆಗ್ಲಿ,” ಎಂದು ಹೋಗಿ ಹೇಳಿಬಂದ. ಓಣಿಯವರನ್ನು ಮನೆಮನೆಗೆ ಹೋಗಿ ಕರೆದ. ರಿಟಾಯರ್ ಆದ ಹವಾಲ್ದಾರ ಅಲ್ಲಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ. ಹಾರವನ್ನೂ ತಾನೇ ತಂದ. ಬೇರೆಯವರು ಮರೆತರೆ ಏನು ಗತಿ?

ತಪಾಸಣೆಯ ದಿನ ಬಿಳಿ ಅಂಗಿ ಹಾಕಿ, ಬಲ ಇರಲೆಂದು ದೊಡ್ಡ ಎರಡು ತುಂಡು ಕರದಂಟು ತಿಂದು, ಉದ್ದಪ್ಪ ಬಯಲಿಗೆ ಹೊರಟ.

ಗೋಕಾಕದ ಲ್ಯಾಬಿನಿಂದ ಶೀತಲ್ ಎಂಬ ಹುಡುಗಿ ಬಂದಿದ್ದಳು. ಮೇಜಿನ ಮೇಲೆ ಅಂಗೈಯಷ್ಟು ದೊಡ್ಡ ಯಂತ್ರ. ಉದ್ದಪ್ಪ ಅದನ್ನು ನೋಡಿ ಚಪ್ಪಲಿ ಬಿಟ್ಟ. ಅವನು ಬಿಟ್ಟದ್ದು ನೋಡಿ ಹಿಂದೆ ನಿಂತವರೂ ಬಿಟ್ಟರು.

“ಮೇಡಮ್ಮಾರ, ಇದಕ ಎಲ್ಲಾ ಗೊತ್ತಾಗತೈತೇನ್ರಿ?”

“ಹೊಟ್ಟಿಯೊಳಗ ಇದ್ದದ್ದೆಲ್ಲಾ ಗೊತ್ತಾಗತೈತಿ ಕಾಕಾ. ಊದ್ರಿ.”

ಉದ್ದಪ್ಪ ಊದಿದ. ಯಂತ್ರ ಕುಂಯ್ ಎಂದು ಸೊನ್ನೆ ತೋರಿಸಿತು. ಇಷ್ಟು ಸಣ್ಣ ಯಂತ್ರ ಇಷ್ಟು ದೊಡ್ಡ ಮನುಷ್ಯನ ಇಡೀ ಜೀವನವನ್ನು ಒಂದೇ ಉಸಿರಿನಲ್ಲಿ ಓದಿಬಿಟ್ಟಿತಲ್ಲ ಎಂದು ಜನ ಬೆರಗಾದರು. ಚಪ್ಪಾಳೆ ಬಿತ್ತು. ಅಲ್ಲಪ್ಪ ಎದ್ದು ಹಾರ ಹಾಕಿದ. ಕೆಂಚಪ್ಪ ಕೀಲಿಯನ್ನು ಜೇಬಿನಿಂದ ಅರ್ಧ ಹೊರಗೆ ತೆಗೆದ.

“ಇನ್ನೊಂದು ಬಾಕಿ ಐತಿ,” ಎಂದು ಶೀತಲ್ ಕಪ್ ಕೊಟ್ಟಳು.

ಉದ್ದಪ್ಪ ಹಾರ ಹಾಕಿಕೊಂಡೇ ಗೋಡೆಯ ಹಿಂದೆ ಹೋಗಿ, ತುಂಬಿದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಜನ ದಾರಿ ಬಿಟ್ಟರು. ಶೀತಲ್ ಅದರಲ್ಲಿ ಪಟ್ಟಿಗಳನ್ನು ಇಳಿಬಿಟ್ಟು ವಿವರಿಸಿದಳು: “ಒಂದೊಂದು ಪಟ್ಟಿ ಒಂದೊಂದು ನಶಾದ್ದು. ಎರಡು ಗೆರಿ ಮೂಡಿದ್ರ ಪಾಸ್. ಒಂದ ಮೂಡಿದ್ರ ನಪಾಸ್.”

“ಅಯ್ಯ, ನಮ್ಮ ಸೊಸಿಗೆ ಎರಡು ಗೆರಿ ಬಂದಾಗ ಬಸುರಿ ಅಂದಿದ್ರಲ್ಲ?” ಎಂದಳು ಶೆಟ್ಟೆವ್ವ.

ಉದ್ದಪ್ಪ ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡ.

ಗಾಂಜಾದ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಅದರ ಪಕ್ಕದ್ದರಲ್ಲೂ ಎರಡು. ಅದರಾಚೆಯದರಲ್ಲಿ ಒಂದು ಗೆರೆ ಮೂಡಿ ನಿಂತಿತು. ಜನ ಕಾದರು. ಅಲ್ಲಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿದ. ಉದ್ದಪ್ಪ, “ತಡೀರಿ ಮೇಡಮ್ಮಾರ, ಎರಡನೇದು ಹಾದಿಯೊಳಗ ಐತಿ,” ಎಂದ. ಅದು ಹಾದಿಯಲ್ಲಿ ಇರಲಿಲ್ಲ. ಹೊರಟೇ ಇರಲಿಲ್ಲ.

“ಇದು ಯಾವ ಪಟ್ಟಿ?” ಎಂದು ಕೆಂಚಪ್ಪ ಕೇಳಿದ.

“ಅಫೀಮು,” ಎಂದಳು ಶೀತಲ್.

ಕೆಂಚಪ್ಪನ ಕೀಲಿ ಮತ್ತೆ ಜೇಬಿನೊಳಗೆ ಜಾರಿತು. ನಿಯಮದ ಪ್ರಕಾರ ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡುವುದು, ಅಲ್ಲಿಯವರೆಗೆ ಗಾಡಿ ಮುಟ್ಟುವಂತಿಲ್ಲ, ಆಗಲೂ ಹೀಗೇ ಬಂದರೆ ಮುಂದೆಂದೂ ಮುಟ್ಟುವಂತಿಲ್ಲ ಎಂದು ಶೀತಲ್ ತಿಳಿಸಿದಳು. ಆಮೇಲೆ ಭೀಮಶಿಯ ಸರದಿ. ಅವನಿಗೆ ಎಲ್ಲ ಪಟ್ಟಿಗಳಲ್ಲೂ ಎರಡೆರಡು ಗೆರೆ ಮೂಡಿದವು. ಅದನ್ನು ನೋಡಿ ಭೀಮಶಿಯೇ ಅತ್ತುಬಿಟ್ಟ.

ಉದ್ದಪ್ಪ ಹಾರ ತೆಗೆಯುವುದನ್ನೂ ಮರೆತು ಮನೆಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅವನು ಹೊಸ್ತಿಲ ಆಚೆ ಅಭ್ಯಾಸಬಲದಿಂದ ನಿಂತು ಬಾಯಿ ತೆರೆದ. ಇಂದ್ರವ್ವ ಅವನ ಕಡೆ ನೋಡಿದಳು. “ಒಳಗ ಬರ್ರಿ, ಊಟಾ ಮಾಡ್ರಿ,” ಎಂದಳು. ಬಾಯಿ ಮೂಸಲಿಲ್ಲ.

ಮಾಲಕ ಕೈಬಿಟ್ಟದ್ದು ಒಂದು ತೂಕ. ಮೂಸಿ ನೋಡುವುದಕ್ಕೂ ತಾನು ಯೋಗ್ಯನಲ್ಲ ಎಂದು ಕಟ್ಟಿಕೊಂಡವಳೇ ತೀರ್ಮಾನಿಸಿದಳೆಂದರೆ ಅದು ಇನ್ನೊಂದು ತೂಕ. ಅವನು ಊಟ ಬಿಟ್ಟು ಡಬ್ಬಿಯಿಂದ ಕರದಂಟು ತೆಗೆದುಕೊಂಡು ಮೂಲೆಗೆ ಹೋಗಿ ಕೂತ.

ಇನ್ನು ಊರಿನಲ್ಲಿ ತಲೆ ಎತ್ತುವಂತಿಲ್ಲ ಎಂದು ಅವನು ತಿಳಿದಿದ್ದ. ಆದದ್ದೇ ಬೇರೆ. ಮರುದಿನ ಚಹಾದಂಗಡಿಯ ಮುಂದೆ ಹಾಯ್ದಾಗ ಕೂತಿದ್ದವರು ಎದ್ದು ನಿಂತರು. ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಅಂಗಡಿಯವನು ಕೇಳದೆಯೇ ಮಲಾಯಿ ಹಾಕಿ ಚಹಾ ತಂದಿಟ್ಟು, ರೊಕ್ಕ ಬೇಡವೆಂದು ಕೈಮುಗಿದ.

“ಇಷ್ಟು ವರ್ಷ!” ಎಂದ ಅಲ್ಲಪ್ಪ, ಅವನ ಎದುರು ಕೂತು. “ನನ್ನ ಸರ್ವೀಸಿನಾಗ ಎಂತೆಂಥಾ ಕಳ್ಳರನ್ನ ನೋಡೇನಿ. ನಿನ್ನಂಥಾವ್ನ ನೋಡಲಿಲ್ಲೋ ಉದ್ದಪ್ಪಾ. ಇಷ್ಟು ವರ್ಷ ಅಫೀಮು ತಗೊಂಡು, ಅಂಬೋಲಿ ಘಾಟ ಇಳಿದು, ಒಂದ ದಿನಾನೂ ಗಾಡಿಗೆ ಗೀರ ಬೀಳಲಿಲ್ಲ. ಮ್ಯಾಲೆ ನಮಗೆಲ್ಲಾ ಉಪದೇಶ ಬ್ಯಾರೆ!”

“ಕಾಕಾ, ಆಣಿ ಮಾಡಿ ಹೇಳ್ತೇನಿ, ನಾ ಅದರ ಬಣ್ಣ ಸೈತ ನೋಡಿಲ್ಲ.”

“ಕೇಳಿದ್ರೇನು?” ಎಂದು ಅಲ್ಲಪ್ಪ ಸುತ್ತಲಿನವರ ಕಡೆ ತಿರುಗಿದ. “ಕಣ್ಣಾಗ ಒಂದ ಎಳಿ ಸುಳ್ಳು ಕಾಣತೈತೇನು? ಇದಕ ಅಂತಾರ ಸಾಧನಿ.”

ಎಲ್ಲರೂ ತಲೆದೂಗಿದರು. ಉದ್ದಪ್ಪ ಎಷ್ಟು ಅಲ್ಲಗಳೆದರೆ ಅವನ ಘನತೆ ಅಷ್ಟು ಏರಿತು. ಅಲ್ಲಪ್ಪ ಎದ್ದು ಹೋಗುವ ಮುಂಚೆ ಅವನ ಕಿವಿಗೆ ಬಾಯಿ ಇಟ್ಟು, “ನನ್ನ ಮೊಣಕಾಲ ನೋವು ನಿನಗ ಗೊತ್ತೈತಿ. ಕಡ್ಲಿಕಾಳಿನಷ್ಟು ಕೊಟ್ಟಿ ಅಂದ್ರ ಸಾಕು. ನನ್ನ ಬಾಯಿಂದ ಮಾತು ಹೊರಗ ಹೋಗೂದಿಲ್ಲ,” ಎಂದು ಬೇಡಿಕೊಂಡ. ಕೌಜಲಗಿಯ ಬೀಗಿತ್ತಿ ಸಾವಂತ್ರೆವ್ವ ಮೊಮ್ಮಗಳನ್ನು ನೋಡಲು ಬಂದವಳು, ಬೀಗರ ಕಡೆ ನೇರ ನೋಡಲು ಅಂಜಿ, ಸೆರಗು ಮುಂದೆಳೆದುಕೊಂಡು, “ಬೀಗರು ಇಷ್ಟು ಆಳದವರು ಅಂತ ನಮಗ ಗೊತ್ತಿರಲಿಲ್ರಿ,” ಎಂದಳು. ಸಂಘಮಿತ್ರಾ ಮಾತ್ರ ಕೂಸಿಗೆ ಹಾಲೂಡುತ್ತಾ, “ಅಪ್ಪಾ, ನೀ ತಗೊಂಡಿಯೋ ಇಲ್ಲೋ, ಖರೆ ಹೇಳು,” ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಉದ್ದಪ್ಪನಿಗೇ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಯಂತ್ರದ ಮುಂದೆ ಚಪ್ಪಲಿ ಬಿಟ್ಟು ನಿಂತವನು ಅವನು. ತಾನು ಸುಳ್ಳಾಡಬಹುದು, ಯಂತ್ರ ಆಡುವುದಿಲ್ಲ. ಅಂದ ಮೇಲೆ ತನಗೆ ಗೊತ್ತಿಲ್ಲದೆ ತಾನು ಅಫೀಮು ತಿನ್ನುತ್ತಿರಬೇಕು. ಯಾವಾಗ? ಎಲ್ಲಿ? ಈ ವಿಷಯದಲ್ಲಿ ತಿಳಿದವರನ್ನೇ ಕೇಳಬೇಕೆಂದು ಅವನು ಭೀಮಶಿಯ ಬಳಿಗೆ ಹೋದ.

ಭೀಮಶಿ ಅವನನ್ನು ಕಂಡೊಡನೆ ಕಾಲು ಮುಟ್ಟಿದ. “ಅಣ್ಣಾ, ನಾ ಚಾರಾಣೆ ಕುಡದು ಬಾರಾಣೆ ಹೆಸರ ಕೆಡಿಸ್ಕೊಂಡೆ. ನೀ ಇಷ್ಟೆಲ್ಲಾ ಮಾಡಿ ಸಂತ ಅನಿಸ್ಕೊಂಡಿ. ಹೆಂಗಣ್ಣಾ?”

“ಅದು ಇರ್ಲಿ. ಅಮಲು ಏರಿದ್ರ ಮನಷ್ಯಾಗ ಹೆಂಗ ಆಗತೈತಿ, ಅದನ್ನ ಹೇಳು.”

ಭೀಮಶಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಚಿಂತಿ ಮರೀತೈತಿ. ಎಲ್ಲಾರೂ ನಮ್ಮವರ ಅನಸ್ತಾರ. ಊಟಾ ಆದ ಮ್ಯಾಲೆ ಕಣ್ಣು ಎಳೀತಾವು. ಹಳೇ ಹಾಡು ಕೇಳಿದ್ರ ಅಳು ಬರತೈತಿ.”

ಉದ್ದಪ್ಪ ಬೆವೆತ. ಇದೆಲ್ಲ ಅವನಿಗೆ ದಿನಾ ಆಗುತ್ತಿತ್ತು. ಚಿಕ್ಕಂದಿನಿಂದಲೂ ಆಗುತ್ತಿತ್ತು. ಹಾಗಾದರೆ ತಾನು ಹುಟ್ಟಾ ಅಫೀಮಿನವನೇ ಇರಬೇಕು ಎಂದು ಅವನಿಗೆ ನಿಶ್ಚಯವಾಯಿತು. ಮನೆಗೆ ಬಂದು ಬಾಬಾಸಾಹೇಬರ ಫೋಟೋದ ಮುಂದೆ ನಿಂತು ಕ್ಷಮೆ ಕೇಳಿದ. ದುಃಖ ತಡೆಯದೆ ಇನ್ನೊಂದು ತುಂಡು ಕರದಂಟು ತಿಂದ. ಆ ವಾರ ಅವನ ಹೊಟ್ಟೆಗೆ ಬೇರೇನೂ ಸೇರುತ್ತಿರಲಿಲ್ಲ.

ಮರುತಪಾಸಣೆಯ ದಿನ ಇಂದ್ರವ್ವ ಇಳಕಲ್ ಸೀರೆ ಉಟ್ಟು, “ನಾನೂ ಬರ್ತೇನಿ,” ಎಂದು ಹೊರಟಳು. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಮನೆಯಲ್ಲಿ ಕೂಸು ಹುಟ್ಟಿದೆ. ಬರಿಗೈಯಲ್ಲಿ ನಾಲ್ಕು ಜನರ ನಡುವೆ ಹೋಗುವುದು ಹೇಗೆ? ಗಂಡ ಅಫೀಮಿನವನಾದ ಮಾತ್ರಕ್ಕೆ ಮರ್ಯಾದೆ ಬಿಡಲು ಬರುತ್ತದೆಯೇ?

ಮುಂಜಾನೆಯೇ ಬಯಲು ಸೇರಿ ಆಕೆ ಎಲ್ಲರಿಗೂ ಹಂಚಿದಳು. “ಮಮ್ಮಗಳು ಹುಟ್ಟ್ಯಾಳ್ರಿ, ಬಾಯಿ ಸಿಹಿ ಮಾಡ್ರಿ,” ಎಂದರೆ ಬೇಡ ಎನ್ನುವವರು ಯಾರು? ಕೆಂಚಪ್ಪ ಮೂರು ತುಂಡು ತಿಂದು, “ಅಕ್ಕಾರ, ಗೋಕಾಕದ ಅಂಗಡಿಯವರು ನಿಮ್ಮ ಮುಂದ ಏನೂ ಅಲ್ಲ,” ಎಂದ. ಶೀತಲ್ ಡಯಟ್ ಎಂದಳು. ಇಂದ್ರವ್ವ, “ತಗೋ ಯವ್ವಾ, ಎಷ್ಟು ಸೊರಗಿ,” ಎಂದು ಬಾಯಿಗೇ ಇಟ್ಟಳು. ಒಂದು ತಿಂದ ಮೇಲೆ ಅವಳು ತಾನೇ ಇನ್ನೆರಡು ತೆಗೆದುಕೊಂಡಳು. ಅಲ್ಲಪ್ಪ ಮೊಣಕಾಲಿನ ಹೆಸರಿನಲ್ಲಿ ಒಂದಿಷ್ಟು ಕಟ್ಟಿಸಿಕೊಂಡ. ಭೀಮಶಿ ಒಬ್ಬನೇ ಕೈ ಹಿಂದೆ ಕಟ್ಟಿಕೊಂಡು, “ನನಗ ಶುಗರ್ ಐತ್ರಿ ವೈನಿ,” ಎಂದ.

ಹೊಸ ಕಪ್ಪುಗಳು ಹುಕ್ಕೇರಿಯಿಂದ ಬರಬೇಕಾಗಿ ತಪಾಸಣೆ ಮಧ್ಯಾಹ್ನಕ್ಕೆ ಹೋಯಿತು. ಊಟ ಮುಗಿಸಿ ಇಡೀ ಊರು ಮತ್ತೆ ಸೇರಿತು. ಉದ್ದಪ್ಪ ಕಪ್ ತಂದಿಟ್ಟ. ಪಟ್ಟಿ ಇಳಿಯಿತು. ಅಫೀಮಿನ ಪಟ್ಟಿಯಲ್ಲಿ ಮತ್ತೆ ಒಂದೇ ಗೆರೆ.

“ಮುಗೀತು ಉದ್ದಪ್ಪಾ,” ಎಂದ ಕೆಂಚಪ್ಪ. “ನನ್ನ ಕೈಯಾಗ ಏನೂ ಇಲ್ಲ.”

ಉದ್ದಪ್ಪ ಹೊಸ ಲಾರಿಯ ಕಡೆ ಒಮ್ಮೆ ನೋಡಿದ. “ಆಗ್ಲಿ ಬಿಡ್ರಿ ಮಾಲಕ್ರ. ನಾ ತಗೊಂಡಿರಬೇಕು. ಮಷೀನ ಸುಳ್ಳ ಹೇಳಂಗಿಲ್ಲ,” ಎಂದು ಕಣ್ಣೊರೆಸಿಕೊಂಡ.

“ಮಷೀನ ಹೇಳಂಗಿಲ್ಲಂದ್ರ ನಾ ಹೇಳ್ತೇನೇನು?” ಎಂದು ಇಂದ್ರವ್ವ ಮುಂದೆ ಬಂದಳು. ಆಕೆಯ ಧ್ವನಿಗೆ ಹೈವೇಯಲ್ಲಿ ಹೋಗುವವರೂ ತಿರುಗಿ ನೋಡಿದರು. “ಲಗ್ನ ಆದಾಗಿಂದ ಈ ಮನಷ್ಯಾನ ಬಾಯಿ ಮೂಸಿಕೋತ ಬಂದೇನಿ. ಎಲಿ ತಿಂದು ಬಂದ್ರ ಗೊತ್ತಾಗತೈತಿ, ಯಾವ ಧಾಬಾದಾಗ ಉಂಡು ಬಂದ್ರು ಅಂತ ಗೊತ್ತಾಗತೈತಿ. ಅಫೀಮು ತಿಂದ್ರ ಗೊತ್ತಾಗಂಗಿಲ್ಲೇನು? ನಿನ್ನೆ ಮೊನ್ನೆ ಬಂದ ಡಬ್ಬಿ ಅದು, ಅದರ ಮಾತು ಕೇಳಿ ನನ್ನ ಗಂಡನ್ನ ಮನ್ಯಾಗ ಕುಂಡರಸ್ತೀರೇನು? ಸ್ವಚ್ಛ ಇದ್ದಾವ್ರು ಯಾರರ ಒಬ್ಬರು ಕೊಡ್ರಿ, ಅದು ಏನ ಹೇಳತೈತಿ ನೋಡೂಣು!”

ಅಲ್ಲಿ ಸ್ವಚ್ಛ ಇರುವವನು ತಾನೆಂದು ಕೆಂಚಪ್ಪನಿಗೆ ಅನ್ನಿಸಿತು. ಎಷ್ಟೆಂದರೂ ಮಾಲಕ. “ನಂದ ನೋಡ್ರಿ ಮೇಡಮ್,” ಎಂದು ಕಪ್ ತೆಗೆದುಕೊಂಡು ಗಂಭೀರವಾಗಿ ಗೋಡೆಯ ಹಿಂದೆ ಹೋಗಿ ಬಂದ.

ಒಂದೇ ಗೆರೆ.

“ಎಪ್ಪಾ! ಮಾಲಕ್ರೂ!” ಎಂದು ಗುಂಪು ಉಸಿರೆಳೆದುಕೊಂಡಿತು. ಕೆಂಚಪ್ಪ ಪಟ್ಟಿಯನ್ನು ಅತ್ತಿತ್ತ ತಿರುಗಿಸಿ ನೋಡಿ ಕುರ್ಚಿಯಲ್ಲಿ ಕುಸಿದ. “ಇಲ್ರೋ, ನಾ ಎಲ್ಲಿ ತಿಂದೇನ್ರೋ,” ಎಂದ. ಉದ್ದಪ್ಪ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು, “ಮೊದಲ ನನಗೂ ಹಂಗ ಅನಿಸಿತ್ರಿ. ಆಮ್ಯಾಲೆ ಒಪ್ಪಿಗಿ ಆಗತೈತಿ,” ಎಂದು ಸಮಾಧಾನ ಮಾಡಿದ.

“ಈ ಕಪ್ಪುಗಳ ಖರಾಬ್ ಇರಬೇಕು,” ಎಂದು ಶೀತಲ್‌ಗೆ ಸಿಟ್ಟು ಬಂತು. “ತಡೀರಿ, ಎಲ್ಲಾರ ಮುಂದ ನಾನ ಮಾಡಿ ತೋರಸ್ತೇನಿ.” ಅವಳು ಕಚೇರಿಯ ಹಿಂದಿನ ಬಚ್ಚಲಿಗೆ ಹೋಗಿ ಬಂದು, ಹೊಸ ಪಟ್ಟಿ ಬಿಚ್ಚಿ, ಇಳಿಬಿಟ್ಟು, ಕೈಕಟ್ಟಿ ನಿಂತಳು. ನೋಡನೋಡುತ್ತ ಅವಳ ಮುಖ ಬಿಳಿಚಿತು.

ಒಂದೇ ಗೆರೆ.

ಪರೀಕ್ಷೆ ಮಾಡುವವಳು, ಮಾಡಿಸುವವನು, ಮಾಡಿಸಿಕೊಂಡವನು, ಮೂವರೂ ಅಫೀಮಿನವರು! ಶೆಟ್ಟೆವ್ವ ಎರಡೂ ಕೈ ಗಲ್ಲಕ್ಕೆ ಇಟ್ಟುಕೊಂಡು, “ಊರ ತುಂಬ ಇಷ್ಟು ನಡದೈತಿ, ನನಗ ಮಾತ್ರ ಗೊತ್ತಿರಲಿಲ್ಲ,” ಎಂದು ಮರುಗಿದಳು. ಜೋಶ್ ತಡೆಯದ ಅಲ್ಲಪ್ಪ ತಾನೂ ಕೊಟ್ಟ, ಅವನಿಗೂ ಒಂದೇ. ಜೀವಮಾನವಿಡೀ ಕಳ್ಳಸಾಗಣೆ ಹಿಡಿದ ಹವಾಲ್ದಾರ ತನ್ನನ್ನು ತಾನೇ ಸಂಶಯದಿಂದ ನೋಡಿಕೊಂಡ.

ಕೊನೆಗೆ ಭೀಮಶಿಯನ್ನು ಎಳೆದು ತಂದರು. ಅವನದು ಎರಡು ಗೆರೆ, ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಇಡೀ ಬಯಲಿನಲ್ಲಿ ಸ್ವಚ್ಛ ಮನುಷ್ಯನೆಂದು ಉಳಿದವನು ಭೀಮಶಿ ಒಬ್ಬನೇ. ಅವನ ಹೆಂಡತಿ ಅಲ್ಲಿಯೇ ತಲೆ ಸುತ್ತಿ ಕೂತಳು. ಕೆಂಚಪ್ಪ ಕೀಲಿಯನ್ನು ಭೀಮಶಿಯ ಕಡೆ ಚಾಚತೊಡಗಿದ.

ಅಷ್ಟರಲ್ಲಿ ಶೀತಲ್ ಗೋಕಾಕದ ಲ್ಯಾಬಿನ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಡಾಕ್ಟರಮ್ಮ ಶಾಂತವಾಗಿ ಎಲ್ಲವನ್ನೂ ಕೇಳಿ, “ನಪಾಸ್ ಆದವರೆಲ್ಲಾ ಕೂಡಿ ಏನರ ತಿಂದೀರೇನು?” ಎಂದರು.

ಎಲ್ಲರ ಕಣ್ಣು ನಿಧಾನವಾಗಿ ಇಂದ್ರವ್ವನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಂದು ನಿಂತವು.

“ಕರದಂಟು, ಮೇಡಮ್,” ಎಂದಳು ಶೀತಲ್.

“ಗಸಗಸಿ ಹಾಕ್ಯಾರೇನು?”

“ಕೈತುಂಬ ಹಾಕೇನ್ರಿ,” ಎಂದು ಇಂದ್ರವ್ವ ಫೋನಿಗೆ ಜೋರಾಗಿ ಹೇಳಿದಳು. “ಇವರ ತಂದಾರ, ನೀಮಚ್‌ದಿಂದ. ಹೊಲದ್ದು.”

ಡಾಕ್ಟರು ಬಿಡಿಸಿ ಹೇಳಿದರು. ಅಫೀಮು ಇಳಿಯುವುದೂ ಗಸಗಸೆ ಸಿಗುವುದೂ ಒಂದೇ ಗಿಡದ ಒಂದೇ ಕಾಯಿಯಿಂದ. ಸರಿಯಾಗಿ ತೊಳೆಯದ ಗಸಗಸೆಗೆ ಕಾಯಿಯ ಹಾಲು ಅಂಟಿಕೊಂಡಿರುತ್ತದೆ. ತಿಂದವನು ನಶೆ ಮಾಡಿದವನಲ್ಲದಿದ್ದರೂ ಪಟ್ಟಿಗೆ ಆ ಭೇದ ಗೊತ್ತಾಗದು. ಯಾರೂ ಇನ್ನು ಅದನ್ನು ತಿನ್ನುವುದು ಬೇಡ, ಒಂದು ವಾರ ಬಿಟ್ಟು ಎಲ್ಲರದನ್ನೂ ಮತ್ತೆ ನೋಡಿದರೆ ಸರಿಯಾಗುತ್ತದೆ ಎಂದರು. ಮನೆಯಲ್ಲಿ ಬಾಣಂತಿ ಇದ್ದಾಳೆಂದು ತಿಳಿದು ಗಾಬರಿಯಿಂದ ಅವಳ ವಿಷಯವನ್ನೂ ಕೇಳಿದರು. ಅವಳ ಪಾಲಿನದನ್ನು ಗಸಗಸೆ ಹಾಕದೆ ಬೇರೆ ಮಾಡಿದ್ದೆಂದು ಕೇಳಿ ನಿಟ್ಟುಸಿರು ಬಿಟ್ಟರು.

ಹಾಗೆಯೇ ಆಯಿತು. ಮುಂದಿನ ವಾರ ಉದ್ದಪ್ಪನ ಅಫೀಮಿನ ಪಟ್ಟಿಯಲ್ಲಿ ಎರಡು ಗೆರೆ ಜೋಡಿ ಎತ್ತಿನಂತೆ ಮೂಡಿದವು. ಕೆಂಚಪ್ಪ ಹೊಸ ಲಾರಿಯ ಕೀಲಿ ಕೊಟ್ಟು ಅಪ್ಪಿಕೊಂಡ. ಆದರೆ ನೋಡಲು ಬಂದ ಜನ ಬೆರಳೆಣಿಕೆಯಷ್ಟು. ಬರೀ ಗಸಗಸೆ ತಿಂದವನನ್ನು ನೋಡಲು ಯಾರು ಬರುತ್ತಾರೆ? ಚಹಾದಂಗಡಿಯಲ್ಲಿ ಮಲಾಯಿ ನಿಂತಿತು. ಅಲ್ಲಪ್ಪ, “ನಾ ಏನೋ ದೊಡ್ಡ ಮನಷ್ಯಾ ಅಂದ್ಕೊಂಡಿದ್ದೆ,” ಎಂದು ಮುಖ ತಿರುಗಿಸಿದ. ಬೀಗಿತ್ತಿ ಸೆರಗು ಹಿಂದಕ್ಕೆ ಸರಿಸಿದಳು.

ಊರಿನ ಬೆರಗೆಲ್ಲ ಈಗ ಇಂದ್ರವ್ವನ ಕಡೆ ಹೊರಳಿತ್ತು. ಒಂದು ಡಬ್ಬಿ ತಿಂಡಿಯಿಂದ ಮಾಲಕನನ್ನು, ಲ್ಯಾಬನ್ನು, ಪೊಲೀಸ್ ಇಲಾಖೆಯನ್ನು ಒಟ್ಟಿಗೆ ಕೆಡವಿದ ಹೆಣ್ಣುಮಗಳು ಎಂದು ಹುಕ್ಕೇರಿ ಸಂತೆಯಲ್ಲಿ ಜನ ಆಕೆಯನ್ನು ತೋರಿಸತೊಡಗಿದರು. ಕೆಂಚಪ್ಪ ಬಯಲಿನ ಗೇಟಿಗೆ ಹೊಸ ಬೋರ್ಡ್ ಹಾಕಿಸಿದ: ‘ಒಳಗೆ ದಾರೂ, ಗಾಂಜಾ, ಅಫೀಮು ಮತ್ತು ಇಂದ್ರವ್ವನ ಕರದಂಟಿಗೆ ಸಕ್ತ ನಿಷೇಧ ಇದೆ.’

ಹೊಸ ಲಾರಿಯ ಮೊದಲ ಟ್ರಿಪ್ ಮುಗಿಸಿ ಉದ್ದಪ್ಪ ಒಂದು ಸಂಜೆ ಮನೆಗೆ ಬಂದು ಹೊಸ್ತಿಲ ಆಚೆ ನಿಂತ. ಇಂದ್ರವ್ವ ನೀರಿನ ತಂಬಿಗೆ ಹಿಡಿದು ಬಂದಳು.

“ಬರ್ರಿ ಒಳಗ.”

ಉದ್ದಪ್ಪ ಕದಲಲಿಲ್ಲ. “ಬಾಯಿ ನೋಡೂದಿಲ್ಲೇನ?”

“ಇನ್ನ ನಂದೇನ ಕೆಲಸ? ಗೇಟಿನಾಗ ಮಷೀನ ನೋಡತೈತೆಲ್ಲ.”

“ಅವತ್ತೂ ನೋಡಲಿಲ್ಲ ನೀ. ನಪಾಸ್ ಆಗಿ ಬಂದ ದಿನ. ಊರ ಏನ ಅಂದ್ರೂ ತಡಕೊಂಡೆ. ಅದು ಮಾತ್ರ ಇನ್ನೂ ಚುಚ್ಚತೈತಿ ನನಗ.”

“ಅವತ್ತ ಮೂಸಿ ನೋಡಿದ್ರ ನಿಮ್ಮ ಮ್ಯಾಲೆ ಸಂಶಯಾ ಪಟ್ಟಂಗ ಆಗ್ತಿತ್ತು,” ಎಂದಳು ಇಂದ್ರವ್ವ.

ಉದ್ದಪ್ಪನಿಗೆ ತಲೆ ಗಿರ್ರೆಂದಿತು. “ಮತ್ತ ಇಷ್ಟು ವರ್ಷ ನೋಡಿದ್ದು?”

ಇಂದ್ರವ್ವ ಓಣಿಯ ಎರಡೂ ಕಡೆ ನೋಡಿ ಧ್ವನಿ ತಗ್ಗಿಸಿದಳು. “ಅದು ಸಂಶಯಕ್ಕ ನೋಡಿದ್ದೇನ್ರಿ? ವಾರಗಟ್ಟಲೆ ಕಣ್ಣಿಗೆ ಕಾಣಂಗಿಲ್ಲ ನೀವು. ಓಣ್ಯಾಗಿನವರ ಮುಂದ ಗಂಡನ ಮಾರಿ ಹತ್ತಿರ ಹೋಗಾಕ ನಮಗ ಬ್ಯಾರೆ ಯಾವ ನೆಪ ಐತಿ?”

ಹೊಟ್ಟೆಯೊಳಗೆ ಇರುವುದನ್ನೆಲ್ಲ ಹೇಳುವ ಯಂತ್ರವನ್ನು ಉದ್ದಪ್ಪ ನೋಡಿದ್ದ. ಇದನ್ನು ಮಾತ್ರ ಇಷ್ಟು ವರ್ಷ ನೋಡಿರಲಿಲ್ಲ. ಅವನು ಮೆಲ್ಲಗೆ ಚಪ್ಪಲಿ ಬಿಟ್ಟ. ಕೈಕಟ್ಟಿಕೊಂಡು, ಸ್ವಲ್ಪ ಬಗ್ಗಿ, ಬಾಯಿ ತೆರೆದು ಹಾ ಎಂದ.

ಇಂದ್ರವ್ವ ಹಿಮ್ಮಡಿ ಎತ್ತಿ ಹತ್ತಿರ ಬಂದಳು. ಈ ಸಲ ಪರೀಕ್ಷೆ ಕೊಂಚ ದೀರ್ಘವಾಯಿತು.

“ಇಂದ್ರವ್ವಾ, ಏನ್ ಬಂತ?” ಎಂದು ಎದುರು ಕಟ್ಟೆಯಿಂದ ಶೆಟ್ಟೆವ್ವ ಕೂಗಿದಳು.

“ಎರಡೂ ಗೆರಿ ಬಂದಾವ ಬಿಡವ್ವಾ!” ಎಂದಳು ಇಂದ್ರವ್ವ.